ಅಜ್ಜನ ಹೆಸರಿನಲ್ಲಿ ಕಾದಿರಿಸಿದ ಮೇಜು

ತನ್ಮಯ್, ರಿಯಾ, ನೀವು ಕನ್ನಡ ಓದುವುದು ಸ್ಲೋ ಲೋಕಲ್ ಟ್ರೇನು ಹೋದ ಹಾಗೆ, ಅಕ್ಷರ ಅಕ್ಷರಕ್ಕೂ ನಿಲ್ಲುತ್ತೀರಿ ಎಂದು ನನಗೆ ಗೊತ್ತು. ಅವಸರವಿಲ್ಲ, ನಿಧಾನವಾಗಿ ಓದಿ. ಎದುರಿಗೆ ನಾಲ್ಕು ಜನ ಕೂತರೆ ನನ್ನ ಮಾತು ಗಂಟಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕಪಾಟು ತೆಗೆದಾಗ ಭಾನುವಾರ ಉಟ್ಟ ಹಸಿರು ರೇಷ್ಮೆ ಸೀರೆಯಿಂದ ಮಜ್ಜಿಗೆ ಹುಲ್ಲಿನ ವಾಸನೆ ಬಂತು. ಮೂರು ದಿನವಾದರೂ ಹೋಗಿಲ್ಲ. ನಿಂಬೆಯ ಹಾಗೆ ಘಮಘಮಿಸುವ ಆ ಹುಲ್ಲನ್ನು ನಮ್ಮ ಕುಂದಾಪುರದ ಕಡೆ ಕಷಾಯಕ್ಕೆ ಹಾಕುತ್ತೇವೆ. ವಡಾಲದ ಆ ರೆಸ್ಟೋರೆಂಟಿನಲ್ಲಿ ಬಾಗಿಲಲ್ಲೇ ಅದರ ನೀರನ್ನು ಗಿರಾಕಿಗಳ ಮೇಲೆ ಸಿಂಪಡಿಸುತ್ತಾರೆ. ಒಳಗೆ ಊಟದಲ್ಲಿ ಸಿಗದ ಪರಿಮಳವನ್ನು ಹೊರಗೇ ಕೊಟ್ಟು ಮುಗಿಸಿಬಿಡುತ್ತಾರಲ್ಲ, ಅದೂ ಒಂದು ಪ್ರಾಮಾಣಿಕತೆ.

ಆ ಊಟ ನಿಮ್ಮಿಬ್ಬರ ಆಲೋಚನೆ. ಅಜ್ಜ ತೀರಿಹೋಗಿ ಆರು ವರ್ಷ; ಇದ್ದಿದ್ದರೆ ನಮ್ಮ ಮದುವೆಗೆ ಈ ಭಾನುವಾರ ಐವತ್ತು ತುಂಬುತ್ತಿತ್ತು ಎಂದು ನೀವು ಲೆಕ್ಕ ಹಾಕಿ ಕಂಡುಹಿಡಿದಿರಿ. ಒಬ್ಬಳೇ ಕೂತು ಆಚರಿಸುವ ಮದುವೆಯ ವಾರ್ಷಿಕೋತ್ಸವ ಎಂಥದ್ದು ಎಂದು ನನಗೆ ನಾಚಿಕೆಯಾಯಿತು. "ಅಜ್ಜೀ, ಟೇಬಲ್ ಅಜ್ಜನ ಹೆಸರಲ್ಲೇ ಬುಕ್ ಮಾಡಿದ್ದೀನಿ, ಅಜ್ಜ ಭೀ ಸಾಥ್ ಮೆ ರಹೇಂಗೇ, ಜೊತೆಗೇ ಇರ್ತಾರೆ" ಎಂದು ತನ್ಮಯ್ ಫೋನಿನಲ್ಲಿ ಹೇಳಿದಾಗ ಮಾತ್ರ ಬೇಡ ಎನ್ನಲು ಬಾಯಿ ಬರಲಿಲ್ಲ.

ಟೇಬಲ್ ಕಾದಿರಿಸುವುದು ಎಂದರೆ ನಿಮ್ಮ ಅಜ್ಜ ನಗುತ್ತಿದ್ದರು. ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಅಲ್ಲಿ ಕಾದಿರಿಸುವ ವಿಧಾನ ಒಂದೇ: ತಿನ್ನುತ್ತಿರುವವನ ಕುರ್ಚಿಯ ಹಿಂದೆ ಹೋಗಿ ನಿಲ್ಲುವುದು. ಅವನು ಕಾಫಿಯ ಕೊನೆಯ ಗುಟುಕು ಕುಡಿಯುವಾಗ ಸಣ್ಣಗೆ ಕೆಮ್ಮುವುದು. ಗಿರಾಕಿಗಳೆಲ್ಲ ಅವರನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. "ಹೋಟ್ಲಂಗೆ ಎಲ್ಲಾರೂ ಹೆಸ್ರ್ ಕರಿತ್ರ್. ಮನಿಗ್ ಬಂದ್ರೆ ನಾನ್ ಬರೀ ಹ್ವಾಯ್" ಎಂದು ನನ್ನನ್ನು ಹಂಗಿಸುತ್ತಿದ್ದರು.

ಅದು ನಿಜ. "ಹ್ವಾಯ್, ಇಲ್ಕಾಣಿ" ಎಂದೇ ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವಳು ನಾನು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅಮ್ಮ ಹೇಳಿ ಕಳಿಸಿದ್ದರು. ಸಯನ್ನಿನ ನಮ್ಮ ಚಾಳಿನಲ್ಲಿ ಮರಾಠಿ ಹೆಂಗಸರು ಅರಶಿನ ಕುಂಕುಮದ ದಿನ ಗಂಡನ ಹೆಸರು ಸೇರಿಸಿ ಪದ್ಯ ಕಟ್ಟಿ ಹೇಳುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಓಡಿಬಿಡುತ್ತಿದ್ದೆ. ನನ್ನಷ್ಟು ಹಾಲು ಕಾಯಿಸಿದವರು ಆ ಚಾಳಿನಲ್ಲಿ ಬೇರೆ ಯಾರೂ ಇರಲಿಲ್ಲ. ಜನಗಣತಿಯವನು ಬಂದಾಗ ಬಾಗಿಲ ಮೇಲಿನ ಬೋರ್ಡು ತೋರಿಸಿದ್ದೆ. ಅಜ್ಜನೇ ಹೋದ ಮೇಲೆ ಯಾವ ಆಯುಷ್ಯ ಉಳಿಸಬೇಕು, ಹೇಳಿ? ಆದರೆ ನಾಲಿಗೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ನನ್ನ ಜೊತೆಗಿರುವ ತಂಗಿ ಮೊಣಕಾಲು ನೋವು, ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಭಾನುವಾರ ಸಂಜೆ ನೀವಿಬ್ಬರು, ನಿಮ್ಮ ಅಪ್ಪ ಅಮ್ಮ, ನಾಲ್ವರೂ ಘಾಟ್ಕೋಪರಿನಿಂದ ಹೊರಟ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು. "ಅಜ್ಜೀ, ನೀನು ಸಯನ್‌ನಿಂದ ಟ್ಯಾಕ್ಸಿಯಲ್ಲಿ ಹೋಗಿ ಕೂತ್ಕೋ. ಹದಿನೈದು ನಿಮಿಷ ಲೇಟ್ ಆದ್ರೆ ಟೇಬಲ್ ಬೇರೆಯವರಿಗೆ ಕೊಡ್ತಾರೆ. ಬಸ್, ಅಜ್ಜನ ಹೆಸರು ಹೇಳು. ಸಿಂಪಲ್!" ಎಂದ ತನ್ಮಯ್. ಸಿಂಪಲ್ ಅಂತೆ.

ಬಾಗಿಲಲ್ಲಿ ಕಪ್ಪು ಕೋಟಿನ ಒಬ್ಬಳು ಹುಡುಗಿ ನಿಂತಿದ್ದಳು. ಕಿವಿಗೆ ವೈರು, ಕೈಯಲ್ಲಿ ಸ್ಲೇಟಿನಂಥ ಕಂಪ್ಯೂಟರು.

"ವೆಲ್‌ಕಮ್ ಆಂಟೀ. ಕಿಸ್ ನಾಮ್ ಸೇ ಬುಕಿಂಗ್ ಹೈ?"

"ಶೆಟ್ಟಿ," ಎಂದೆ.

"ಆಂಟೀ, ಆಜ್ ಕೋಯೀ ಶೆಟ್ಟಿ ನಹೀಂ ಹೈ."

ಮುಂಬಯಿಯಲ್ಲಿ, ಅದೂ ಕರಾವಳಿಯ ಊಟದ ರೆಸ್ಟೋರೆಂಟಿನಲ್ಲಿ, ಒಬ್ಬ ಶೆಟ್ಟಿಯೂ ಇಲ್ಲವೆಂದರೆ ಅಡುಗೆ ಹೇಗಿದ್ದೀತು ಎಂದು ನಾನು ಆಗಲೇ ಊಹಿಸಬೇಕಿತ್ತು. ನನ್ನ ಹೆಸರು ಹೇಳಿದೆ, ನಿಮ್ಮ ಅಪ್ಪನ ಹೆಸರು ಹೇಳಿದೆ, ಇಲ್ಲ. ತನ್ಮಯನಿಗೆ ಫೋನ್ ಮಾಡಿದೆ, ಬಿಜಿ. ಅವಳ ಮೇಜಿನ ಮೇಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆ ಫೋನು ಮಾಡುತ್ತಿದ್ದವನು ತನ್ಮಯನೇ ಎಂದು ಆಮೇಲೆ ತಿಳಿಯಿತು. ಅಂತೂ ನಾವು ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ಬಾಗಿಲನ್ನು ಎರಡು ಕಡೆಯಿಂದ ತಟ್ಟುತ್ತಿದ್ದೆವು.

ಕೊನೆಗೆ ಒಂದು ಉಪಾಯ ಹೊಳೆಯಿತು. ಅವಳ ಪೆನ್ನು ತೆಗೆದುಕೊಂಡು ಟಿಶ್ಯೂ ಕಾಗದದ ಮೇಲೆ ಕನ್ನಡದಲ್ಲಿ ಅಜ್ಜನ ಹೆಸರು ಬರೆದು ಕೊಟ್ಟೆ. ಬರೆದರೆ ಆಯುಷ್ಯಕ್ಕೆ ಏನೂ ಆಗುವುದಿಲ್ಲ. ಊರಿಗೆ ಹಾಕುವ ಕಾಗದಗಳಲ್ಲಿ ಎಷ್ಟು ಸಲ ಬರೆದಿಲ್ಲ! ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸೋ ಕ್ಯೂಟ್! ರಂಗೋಲಿ ಹೈ ಕ್ಯಾ?" ಎಂದಳು. ನಮ್ಮ ಮಾಸ್ತರರು ಕಿವಿ ಹಿಂಡಿ ದುಂಡಗೆ ಮಾಡಿಸಿದ ಅಕ್ಷರ. ರಂಗೋಲಿಯಂತೆ.

"ಭಗವಾನ್ ಕಾ ನಾಮ್ ಹೈ ಬೇಟೀ," ಎಂದೆ. "ದಶಾವತಾರ್ ಮೆ ಪಾಂಚವಾ. ಛೋಟಾ ವಾಲಾ. ಬಲಿ ರಾಜಾ ಸೇ ತೀನ್ ಪಾವ್ ಜಮೀನ್ ಮಾಂಗಾ."

"ವಿಷ್ಣು? ಆಂಟೀ, ವಿಷ್ಣು ಜೀ ತೋ ಆ ಗಯೇ. ಟೇಬಲ್ ನೌ ಪರ್ ಬೈಠೇ ಹೈಂ." ಒಂಬತ್ತನೇ ಮೇಜಿನಲ್ಲಿ ಯಾರೋ ವಿಷ್ಣು ಆಗಲೇ ಬಂದು ಕೂತಿದ್ದರಂತೆ.

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬ ಗಂಡಸು, ಆಂಟಿಗೆ ಯಾರ ಜೊತೆ ಬಂದದ್ದೆಂದೇ ನೆನಪಿಲ್ಲ ಪಾಪ, ಎಂದು ಹಿಂದಿಯಲ್ಲಿ ಹೆಂಡತಿಗೆ ಹೇಳಿದ. ಹದಿನೈದು ನಿಮಿಷದಲ್ಲಿ ಹದಿಮೂರು ಹೋಗಿತ್ತು. ನೀವು ಅಜ್ಜನಿಗಾಗಿ ಹಿಡಿದ ಜಾಗ ನನ್ನ ನಾಲಿಗೆಯ ದೆಸೆಯಿಂದ ಹೋಗುತ್ತದಲ್ಲ ಎನಿಸಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಹೇಳಿಬಿಟ್ಟೆ.

"ವಾಮನ."

ಐವತ್ತು ವರ್ಷದಲ್ಲಿ ಮೊದಲ ಸಲ. ಸಿಡಿಲು ಬೀಳದಿದ್ದರೂ ಒಂದು ದೀಪವಾದರೂ ಆರಬಹುದು ಅಂದುಕೊಂಡಿದ್ದೆ. ಹುಡುಗಿ ತಲೆಯೆತ್ತದೆ, "ರಮಣ್?" ಎಂದಳು.

"ವಾಮನ," ಎಂದೆ ಸ್ವಲ್ಪ ಜೋರಾಗಿ. "ವಾ-ಮ-ನ!" ಎಂದೆ ಮೂರನೇ ಸಲ. ಒಳಗೆ ಸೂಪು ಕುಡಿಯುತ್ತಿದ್ದವರು ತಿರುಗಿ ನೋಡಿದರು.

ಅವಳು ಬೆರಳಲ್ಲಿ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದಳು. "ಸಾರಿ ಆಂಟೀ. ಯೇ ನಾಮ್ ನಹೀಂ ಹೈ."

ಆಗ ನೀವು ಬಂದಿರಿ. ತನ್ಮಯ್ ಜಗಳಕ್ಕೆ ನಿಂತ, ಟೈ ಕಟ್ಟಿದ ಮ್ಯಾನೇಜರು ಬಂದ, ಪಟ್ಟಿ ನೋಡಿದ, ಮುಖ ಸಣ್ಣದಾಯಿತು. ಫೋನಿನಲ್ಲಿ ತನ್ಮಯ್ ಹೇಳಿದ ಅಜ್ಜನ ಹೆಸರನ್ನು ಅವರು ಕೇಳಿಸಿಕೊಂಡ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು: "ವುಮನ್, ಐದು ಜನ." ನಾನು ಬರುವುದಕ್ಕೆ ಸ್ವಲ್ಪ ಮೊದಲು ಐದು ಜನ ಹೆಂಗಸರು ಒಟ್ಟಿಗೆ ಬಂದರಂತೆ. ಪಟ್ಟಿಯಲ್ಲಿ ಹೆಂಗಸು ಎಂದಿದೆ, ಐದು ಎಂದಿದೆ, ಕಣ್ಣೆದುರಿಗೆ ಐದು ಹೆಂಗಸರು. ಇನ್ನೇನು ಪುರಾವೆ ಬೇಕು? ಕಿಟಕಿಯ ಪಕ್ಕದ ನಮ್ಮ ಮೇಜಿನಲ್ಲಿ ಅವರು ಆಗಲೇ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮೂರು ಹೆಜ್ಜೆ ಕೇಳಿ ಮೂರು ಲೋಕ ಪಡೆದವನ ಹೆಸರು. ಅವನ ಹೆಸರಲ್ಲಿ ನಮಗೆ ಸಿಕ್ಕಿದ್ದು ಬಾತ್‌ರೂಮಿನ ಬಾಗಿಲ ಪಕ್ಕ ನಾಲ್ಕು ಕುರ್ಚಿ, ಒಂದು ಸ್ಟೂಲು.

ಊಟದ ವಿಷಯ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅದು ಹೆಚ್ಚು ಇರಲಿಲ್ಲ. ನೀರುದೋಸೆಯನ್ನು ಕರವಸ್ತ್ರದ ಹಾಗೆ ಮಡಿಸಿ ಒಂದು ಕಲ್ಲಿನ ಹಲಗೆಯ ಮೇಲೆ ಇಟ್ಟಿದ್ದರು. ಕಲ್ಲು ಬಿಸಿಯಾಗಿತ್ತು, ದೋಸೆ ತಣ್ಣಗಿತ್ತು. ಕೋಳಿ ಸಾರು ಕಾಡಿಗೆ ಡಬ್ಬಿಯಷ್ಟು ದೊಡ್ಡ ಬಟ್ಟಲಿನಲ್ಲಿ ಬಂತು. ಬಡಿಸುವವನು ಒಣ ರೊಟ್ಟಿಯನ್ನು ಸಾರಿನಲ್ಲಿ ಹೇಗೆ ನೆನೆಸಿ ತಿನ್ನಬೇಕೆಂದು ನನಗೆ ಇಂಗ್ಲಿಷಿನಲ್ಲಿ ಪಾಠ ಹೇಳಿದ. ನಾನು ವಿನಯದಿಂದ ತಲೆಯಾಡಿಸಿದೆ. ಅವನಿಗೆ ಯಾಕೆ ಬೇಸರ ಮಾಡಬೇಕು, ನೆನೆಸುವಷ್ಟು ಸಾರಂತೂ ಇರಲಿಲ್ಲ.

ತಪ್ಪು ಒಪ್ಪಿಕೊಳ್ಳುವುದಕ್ಕೆಂದು ಮ್ಯಾನೇಜರು ಕೊನೆಗೆ ಹೊಗೆಯಾಡುವ ತಟ್ಟೆಯಲ್ಲಿ ಒಂದು ಕೇಕು ತಂದಿಟ್ಟ. ಹೊಗೆ ಸರಿದ ಮೇಲೆ ರಿಯಾ ಅದರ ಮೇಲಿನ ಬರಹ ಓದಿದಳು: "ಹ್ಯಾಪಿ ಆನಿವರ್ಸರಿ, ವುಮನ್." ನಿಮ್ಮ ಅಮ್ಮ ನೀರು ಕುಡಿಯುತ್ತಿದ್ದವಳು ಮೂಗಿನಿಂದ ಬಿಟ್ಟಳು. ನಾನೂ ನಕ್ಕೆ. ಸದ್ಯ, ನನ್ನ ಮಟ್ಟಿಗಾದರೂ ಸರಿಯಾಗಿಯೇ ಬರೆದಿದ್ದರು.

ನಗದೆ ಕೂತವನು ನಿಮ್ಮ ಅಪ್ಪ ಒಬ್ಬನೇ. "ಅಮ್ಮ, ಆ ಹುಡುಗಿ ಹೇಳಿದ್ಳು, ನೀನು ಮೂರು ಸಲ ಅಪ್ಪನ ಹೆಸರು ಕೂಗಿದೆ ಅಂತ. ಹೌದಾ?"

"ಹೂಂ."

"ನಾನು ಹುಟ್ಟಿದಾಗಿನಿಂದ ಕೇಳೇ ಇಲ್ಲ. ಒಮ್ಮೆ ಹೇಳು ಕಾಂಬ."

"ಇಲ್ಲಿ ಬೇಡ ಮಾರಾಯ," ಎಂದೆ. ಬಾತ್‌ರೂಮಿನ ಬಾಗಿಲು ಆ ಹೊತ್ತಿಗೆ ಸರಿಯಾಗಿ ತೆರೆದುಕೊಂಡಿತು.

ಆದರೆ ಆ ಮಾತು ನನ್ನ ಜೊತೆ ಟ್ಯಾಕ್ಸಿ ಹತ್ತಿ ಮನೆಗೆ ಬಂತು. ಕೇಳಬೇಕಾದ ಮಗನಿಗೆ ಹೇಳಲಿಲ್ಲ. ಕರೆಸಿಕೊಳ್ಳಬೇಕೆಂದು ಆಸೆಪಟ್ಟವರಿಗೆ ನಲವತ್ತನಾಲ್ಕು ವರ್ಷ ಹೇಳಲಿಲ್ಲ. ಎಲ್ಲ ಬಿಟ್ಟು, ಬೇಡವೇ ಬೇಡವಾಗಿದ್ದ ಒಬ್ಬಳ ಎದುರು ಮೂರು ಸಲ ಕೂಗಿ, ಅಂಥವರು ಇಲ್ಲ ಎನ್ನಿಸಿಕೊಂಡು ಬಂದೆ. ಇಷ್ಟು ಜೋಪಾನ ಮಾಡಿದ್ದನ್ನು ಇಷ್ಟು ಚೆನ್ನಾಗಿ ಪೋಲು ಮಾಡುವುದು ನನಗೇ ಸಾಧ್ಯ.

ಇವತ್ತು ಆ ಸೀರೆಯನ್ನು ಬಿಸಿಲಿಗೆ ಹಾಕಿ ಅಡುಗೆಮನೆಗೆ ಬಂದು ಚಹಾಕ್ಕೆ ಇಟ್ಟೆ. ನೀರು ಕುದಿಯುತ್ತಿರುವಾಗ ಸುಮ್ಮನೆ, ಬಾಯಿಗೆ ಸೆರಗು ಹಿಡಿಯದೆ, ಕರೆದು ನೋಡಿದೆ. "ವಾಮನ." ಇನ್ನೊಮ್ಮೆ ಕರೆದೆ. ಒಳಗಿನ ಕೋಣೆಯಿಂದ ನನ್ನ ತಂಗಿ, "ಅಕ್ಕಾ, ಯಾರ್ ಬಂದ್ರ್?" ಎಂದು ಕೇಳಿದಳು. ಯಾರೂ ಬರಲಿಲ್ಲ ಎನ್ನಲು ಮನಸ್ಸಾಗಲಿಲ್ಲ. "ನಿನ್ನ ಭಾವನನ್ನ ಕರೆದದ್ದು," ಎಂದೆ. ಅವಳು ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ತನ್ನ ಲೋಟದ ಜೊತೆಗೆ ಇನ್ನೂ ಎರಡು ಲೋಟ ತೊಳೆದಿಟ್ಟಳು.

ಈ ಹಾಳೆಗಳನ್ನು ಹಳೇ ಪೇಪರಿನ ಜೊತೆ ರದ್ದಿಗೆ ಹಾಕಬೇಡಿ, ಮಕ್ಕಳೇ. ಒಂದು ಕವರಿನಲ್ಲಿ ಹಾಕಿ ಜೋಪಾನವಾಗಿಡಿ; ಅದಕ್ಕೆ ಮೊದಲು ನಿಮ್ಮ ಅಪ್ಪನ ಎದುರು ಒಮ್ಮೆ ಗಟ್ಟಿಯಾಗಿ ಓದಿ. ತನ್ಮಯ್, ನೀನೇ ಓದು. ಹೆಸರು ಬಂದಲ್ಲಿ ಅವಸರ ಮಾಡಬೇಡ. ವಾ ದೀರ್ಘ.