ಜೇಜುರಿಯ ಗುಡ್ಡಕ್ಕೆ ಹಾಕಿದ ಸಹಿ

೧೯೪೪ರಲ್ಲಿ ನಾನು ಪುಣೆಯ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪ್ರಾಧ್ಯಾಪಕರು ಪಾಠ ಹೇಳಿ ಹೋದ ಮೇಲೆ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಂದ ಕೆಲಸ ಮಾಡಿಸುವುದು ಈ ಡೆಮಾನ್‌ಸ್ಟ್ರೇಟರನ ಪಾಲು. ಹುದ್ದೆ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಪ್ರಾಧ್ಯಾಪಕರು "ಇವನು ಇರಲಿ" ಎಂದರೆ ಇನ್ನೊಂದು ವರ್ಷದ ಅನ್ನ. ಒಂದೆಡೆ ಕೂರುವುದು ನನ್ನ ಜಾಯಮಾನವಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಗದಗಿನಲ್ಲಿ ನಮ್ಮವ್ವ ಬಯ್ಯುತ್ತಿದ್ದಳು. ಅಂಥವನಿಗೆ ಸಿಕ್ಕಿದ್ದು ನಾಲ್ಕು ಗೋಡೆಯೊಳಗೆ ಬೆಟ್ಟ ತೋರಿಸುವ ಕೆಲಸ.

ನಾವು ಕಲಿಸುತ್ತಿದ್ದದ್ದು ಸ್ಟ್ರಕ್ಚರಲ್ ಜಿಯಾಲಜಿ. ಕಲ್ಲು ಯಾವುದು ಎನ್ನುವುದಕ್ಕಿಂತ ಕಲ್ಲಿಗೆ ಏನಾಗಿದೆ ಎಂದು ಕೇಳುವ ಶಾಸ್ತ್ರ ಅದು. ಪದರ ಮಡಚಿತೇ, ಬಿರಿಯಿತೇ, ಬಿರಿದು ಜಾರಿತೇ? ಪ್ರಾಧ್ಯಾಪಕರು ಕಪ್ಪುಹಲಗೆಯ ಮೇಲೆ ಹಿಮಾಲಯದ ಮಡಿಕೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಹಳ ಚೆಂದ ಬರೆಯುತ್ತಿದ್ದರು. ಆದರೆ ಕಿಟಕಿಯಾಚೆಗಿನ ಪುಣೆಯಲ್ಲಿ ಮಡಿಕೆ ಎಂಬುದು ಮದ್ದಿಗೂ ಸಿಗದು. ಅಲ್ಲಿರುವುದೆಲ್ಲ ಲಾವಾ ಹರಿದು ಆರಿದ ಬಸಾಲ್ಟ್ ಕಲ್ಲು, ಚಪಾತಿ ಒಟ್ಟಿದ ಹಾಗೆ ಮಟ್ಟಸ. ಹಾಗಾಗಿ ಲ್ಯಾಬಿನಲ್ಲಿ ಮಾದರಿ ಬೆಟ್ಟಗಳನ್ನು ಮಾಡಿಟ್ಟುಕೊಳ್ಳುತ್ತಿದ್ದೆವು. ಯುದ್ಧದಿಂದಾಗಿ ಪ್ಲಾಸ್ಟರ್ ಸಿಗುತ್ತಿರಲಿಲ್ಲ. ಬಣ್ಣ ಕಲಸಿದ ಮಣ್ಣನ್ನು ಪದರಪದರವಾಗಿ ಪೆಟ್ಟಿಗೆಗೆ ತುಂಬಿ, ಪಕ್ಕದಿಂದ ಸ್ಕ್ರೂ ತಿರುಗಿಸಿ ಒತ್ತಿದರೆ ಮೇಜಿನ ಮೇಲೆ ಒಂದು ಪುಟ್ಟ ಹಿಮಾಲಯ ಏಳುತ್ತಿತ್ತು. ಹುಡುಗರು ಕ್ಲೈನೋಮೀಟರ್ ಹಿಡಿದು ಅದರ ಇಳಿಜಾರು ಅಳೆಯುತ್ತಿದ್ದರು. ನನಗೆ ಅದನ್ನು ನೋಡಿದಾಗಲೆಲ್ಲ ಎದ್ದು ಹೊರಗೆ ಓಡಬೇಕೆನಿಸುತ್ತಿತ್ತು.

ಆ ವರ್ಷದ ತರಗತಿಯಲ್ಲಿ ಒಬ್ಬಳೇ ಹುಡುಗಿ, ಸುಮಿತ್ರಾ. ಬಿಜಾಪುರ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಕಾಳಿನ ವ್ಯಾಪಾರಿಯ ಮಗಳು. ಪದವಿಯ ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕಾದರೆ ಕ್ಷೇತ್ರಕಾರ್ಯದ ವರದಿ ಕೊಡಬೇಕು. 'ಈ ಕೆಲಸ ವಿದ್ಯಾರ್ಥಿಯೇ ಮಾಡಿದ್ದನ್ನು ಕಂಡಿದ್ದೇನೆ' ಎಂದು ವಿಭಾಗದ ಒಬ್ಬರು ಅದಕ್ಕೆ ಸಹಿ ಹಾಕಬೇಕು. ಹುಡುಗರು ಡೇರೆ ಕಟ್ಟಿಕೊಂಡು ಘಾಟಿಗೆ ಹೋಗುತ್ತಿದ್ದರು, ಹುಡುಗಿಯರನ್ನು ಕರೆದೊಯ್ಯುತ್ತಿರಲಿಲ್ಲ. ಅದಕ್ಕೆ ವಿಭಾಗ ಕಂಡುಕೊಂಡಿದ್ದ ಉಪಾಯವೆಂದರೆ, ಹುಡುಗಿ ಯಾವನಾದರೂ ಹುಡುಗನ ವರದಿಯನ್ನು ನಾಲ್ಕು ಮಾತು ಬದಲಿಸಿ ತನ್ನ ಕೈಯಲ್ಲಿ ಬರೆದು ತರುವುದು, ಪ್ರಾಧ್ಯಾಪಕರು ಕಣ್ಣುಮುಚ್ಚಿ ಸಹಿ ಹಾಕುವುದು. ಹಿಂದಿನ ಹುಡುಗಿಯರೆಲ್ಲ ಹಾಗೆಯೇ ಪಾಸಾಗಿದ್ದರು.

ನಾನು ಒಂದು ಹಳೆಯ ವರದಿಯನ್ನು ಸುಮಿತ್ರಾಳ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ನೋಡಲಾರದ್ದನ್ನ ನೋಡೀನಿ ಅಂತ ಹೆಂಗ ಬರೀಲ್ರಿ ಸರ್?"

"ಬರೀದಿದ್ರ ಪರೀಕ್ಷಾಕ್ಕ ಕೂಡಸೂದಿಲ್ಲ."

"ನಮ್ಮಪ್ಪ ಹೇಳ್ಯಾರ‍್ರಿ, ಈ ವರ್ಷ ಆದ್ರ ಆತು, ಇಲ್ಲಂದ್ರ ಮನ್ಯಾಗ ಇರು ಅಂತ. ಗೊತ್ತದ ನನಗ. ಆದ್ರೂ ಇದನ್ನ ಬರಿಯೂದಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಹುಚ್ಚು ಹಟಕ್ಕೆ ಮೂರು ವರ್ಷದ ಓದು ನೀರುಪಾಲಾಗುತ್ತದಲ್ಲ ಎಂದು ಅವಳನ್ನು ಬಯ್ದೆ. ಆಮೇಲೆ ಎರಡು ದಿನ ನಿದ್ದೆ ಸರಿ ಬರಲಿಲ್ಲ.

ದಾರಿ ತೋರಿಸಿದ್ದು ಅವಳ ಅಜ್ಜಿ ತುಂಗವ್ವ. ಅವರ ಮನೆದೇವರು ಜೇಜುರಿಯ ಖಂಡೋಬಾ, ನಮ್ಮ ಕಡೆ ಮೈಲಾರಲಿಂಗ ಎನ್ನುವ ದೇವರು. ಅಮಾವಾಸ್ಯೆಯ ಜಾತ್ರೆ ಮುಗಿದ ಮರುವಾರ ಮನೆಮಂದಿ ಅಲ್ಲಿಗೆ ಹೊರಡುವವರಿದ್ದರು. "ಗುಡ್ಡ ನೋಡಬೇಕಂತಲ್ಲ, ಅದೂ ಗುಡ್ಡನ ಅದ. ನೀವೂ ಬರ‍್ರಿ ಮಾಸ್ತರ, ದೇವರ ಕಡೆ ಹೋಗಾಕ ಯಾರ ಪರವಾನಗಿ ಬೇಕು?" ಎಂದು ನನಗೆ ಹೇಳಿಕಳಿಸಿದರು.

ಜೇಜುರಿಯಲ್ಲಿ ರೈಲು ಇಳಿದು, ಕೆಳಗಿನ ಗುಡಿಗೆ ಕೈಮುಗಿದು, ಮೇಲಿನ ಹಳೆಯ ಗುಡಿಯ ದಾರಿ ಹಿಡಿದೆವು. ಅಲ್ಲಿ ಬೋಳು ಬಸಾಲ್ಟ್ ಅಂಗಾತ ಬಿದ್ದಿದೆ. ಮಟ್ಟಸ ಕಲ್ಲಿನಲ್ಲಿ ಮಡಿಕೆ ಇಲ್ಲದಿದ್ದರೂ ಜಾಯಿಂಟ್‌ಗಳು ಇರುತ್ತವೆ. ಜಾಯಿಂಟ್ ಎಂದರೆ ಎರಡು ಬದಿಯೂ ಕದಲದೆ ಉಳಿದ ಬಿರುಕು. ಇಂಥ ಬಿರುಕುಗಳು ಹೆಚ್ಚಾಗಿ ಯಾವ ದಿಕ್ಕಿಗಿವೆ ಎಂದು ಅಳೆದರೆ ಆ ನೆಲ ಯಾವ ಎಳೆತಕ್ಕೆ ಸಿಕ್ಕಿತ್ತೆಂದು ಊಹಿಸಬಹುದು. ಸುಮಿತ್ರಾ ಆರಿಸಿಕೊಂಡದ್ದು ಅದನ್ನೇ. ಸೀರೆಯ ಸೆರಗು ಬಿಗಿದು, ದಿಕ್ಸೂಚಿ ಹಿಡಿದು ಕೂತೇಬಿಟ್ಟಳು.

ಅವಳಿಗೆ ಒಂದು ಅನುಕೂಲವೂ ಇತ್ತು. ಆ ದಾರಿಯುದ್ದಕ್ಕೂ ಭಕ್ತರು ಏಳುಕೋಟಿ ಎಂದು ಜಯಕಾರ ಹಾಕುತ್ತ ಭಂಡಾರ ಎರಚುತ್ತಾರೆ, ಭಂಡಾರ ಎಂದರೆ ಅರಿಶಿನ ಪುಡಿ. ಬಿಸಿಲಿಗೆ ಬಿದ್ದದ್ದು ಬಣ್ಣಗೆಟ್ಟು ಹೋಗುತ್ತದೆ, ಬಿರುಕಿನೊಳಗೆ ಇಳಿದದ್ದು ಉಳಿಯುತ್ತದೆ. ಕರಿ ಕಲ್ಲಿನ ಮೇಲೆ ಒಂದೊಂದು ಜಾಯಿಂಟೂ ಹಳದಿ ಗೆರೆಯಾಗಿ ಎದ್ದು ಕಾಣುತ್ತಿತ್ತು. ಅವಳು ಒಂದೊಂದನ್ನೇ ಅಳೆಯುತ್ತ ಮೇಲೇರಿದಳು. ತುಂಗವ್ವ ಹಿಂದಿನಿಂದ, "ದೇವರು ಮ್ಯಾಲ ಅದಾನ, ಇಕಿ ನೆಲಕ್ಕ ನಮಸ್ಕಾರ ಹಾಕ್ಕೋತ ಹೊಂಟಾಳ," ಎಂದು ನಗುತ್ತಿದ್ದರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವಳ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಕೆಲಸ ಅವಳದೇ ಎಂದು ಸಾಕ್ಷಿ ಹೇಳಬೇಕಾದ ನಾನು ಬಾಯಿ ಬಿಡುವಂತಿಲ್ಲ. ದೂರದಲ್ಲಿ ಆ ಕಲ್ಲಿನಿಂದ ಈ ಕಲ್ಲಿಗೆ, ಈ ಕಲ್ಲಿನಿಂದ ಆ ಕಲ್ಲಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದೆ. ದರ್ಶನ ಆಯಿತು. ಇಳಿದು ಬಂದು ಬುತ್ತಿ ಬಿಚ್ಚಿದರು. ಸಂಜೆಯ ರೈಲಿಗೆ ಹೊರಡಬೇಕು. ನಾನು ರೊಟ್ಟಿ ಬಿಟ್ಟು ಎದ್ದು ಅಡ್ಡಾಡತೊಡಗಿದೆ.

ಸುಮಿತ್ರಾ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ, "ಅಪ್ಪಾ, ನಾ ಮತ್ತ ಮ್ಯಾಲ ಹೋಗಬೇಕು," ಎಂದಳು.

"ಯಾಕ? ಎಲ್ಲಾ ಅಳದೀಯಲ್ಲ?"

"ಭಂಡಾರ ಬಿದ್ದಲ್ಲಿ ಅಷ್ಟ ಅಳದೀನಿ. ಭಂಡಾರ ಬೀಳದ ಕಡೆ ಬಿರುಕು ಇಲ್ಲೇನು?"

ನನಗೆ ಕೂಗಿ ಕುಣಿಯಬೇಕೆನಿಸಿತು. ಹಳದಿ ಗೆರೆ ಇದ್ದದ್ದು ಕಾಲುದಾರಿಯ ಅಕ್ಕಪಕ್ಕ ಮಾತ್ರ. ಬರೀ ದಾರಿ ಹಿಡಿದು ನಡೆದರೆ ಅದಕ್ಕೆ ಅಡ್ಡಲಾದ ಬಿರುಕುಗಳು ಮತ್ತೆ ಮತ್ತೆ ಕಾಲಿಗೆ ಸಿಗುತ್ತವೆ, ದಾರಿಯ ಜೊತೆಗೇ ಸಾಗುವ ಬಿರುಕುಗಳು ತಪ್ಪಿಹೋಗುತ್ತವೆ. ಅಪ್ಪ ಗಡಿಯಾರ ನೋಡಿದರು, ಬೇಡ ಎಂದರು. ತುಂಗವ್ವ ಸೆರಗು ಹಾಸಿ ಮರದ ನೆರಳಿಗೆ ಒರಗಿಬಿಟ್ಟರು. "ನನ್ನ ಮೊಣಕಾಲು ನೊಯ್ಯಾಕ ಹತ್ತ್ಯಾವ. ಮುಂದಿನ ಗಾಡಿಗೆ ಹೋಗೂಣು. ಅಲ್ಲೀತನ ಏನರ ಮಾಡ್ಕೋ ಹೋಗವಾ." ಬೆಳಿಗ್ಗೆಯಿಂದ ಆ ಮೊಣಕಾಲಿನ ಸುದ್ದಿಯೇ ಇರಲಿಲ್ಲ. ಸುಮಿತ್ರಾ ಮತ್ತೆ ಹತ್ತಿ, ಈ ಸಲ ದಾರಿ ಬಿಟ್ಟು ಮುಳ್ಳುಪೊದೆಯ ಕಡೆ ನುಗ್ಗಿದಳು. ಅಲ್ಲಿ ಬಿರುಕುಗಳ ಇನ್ನೊಂದು ಗುಂಪೇ ಇತ್ತು.

ವರದಿ ಬರೆದು ತಂದಳು. ಬಿರುಕಿನ ದಿಕ್ಕುಗಳನ್ನು ಹೂವಿನೆಸಳಿನಂತೆ ಬರೆದು ತೋರಿಸುವ ರೋಸ್ ಡಯಾಗ್ರಾಮ್ ಅದರಲ್ಲಿತ್ತು, ಎರಡೂ ಗುಂಪು ಸ್ಪಷ್ಟವಾಗಿ. ಪ್ರಾಧ್ಯಾಪಕರು ಪೂರ್ತಿ ಓದಿದರು. ಚೆನ್ನಾಗಿದೆ ಎಂದೂ ಅಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಇದಕ್ಕೆ ಸಹಿ ಹಾಕಿದರೆ ನಾಳೆ ಎಲ್ಲ ಹುಡುಗಿಯರೂ ಗುಡ್ಡ ಹತ್ತುತ್ತೇವೆ ಅನ್ನುತ್ತಾರೆ. ಒಬ್ಬಳ ಕಾಲು ಮುರಿದರೂ ಜವಾಬು ಹೇಳುವವನು ನಾನು. ಹಳೆಯ ವರದಿ ನಕಲು ಮಾಡಿ ತರಲಿ, ಈಗಲೇ ಸಹಿ ಹಾಕುತ್ತೇನೆ."

"ಸರ್, ಇದು ನಿಜವಾಗಿ ಮಾಡಿದ್ದು. ನಾನು ಕಂಡಿದ್ದೇನೆ."

"ಹಾಗಾದರೆ ನೀವೇ ಹಾಕಿ. ಆದರೆ ಜೂನ್‌ನಲ್ಲಿ ನನ್ನನ್ನು ಏನೂ ಕೇಳಬೇಡಿ."

ಅವರು ಕೆಟ್ಟವರಲ್ಲ, ಹೆದರಿದವರು. ನನಗೂ ಹೆದರಿಕೆ ಇತ್ತು. ಗದಗಿಗೆ ಕಳಿಸುವ ಮನಿಯಾರ್ಡರಿನ ಮೇಲೆ ಒಂದು ಸಂಸಾರ ನಡೆಯುತ್ತಿತ್ತು. ವರದಿ ಹಿಡಿದು ಆ ಮಧ್ಯಾಹ್ನವೆಲ್ಲ ಕಾರಿಡಾರಿನಲ್ಲಿ ಮೇಲಿಂದ ಕೆಳಗೆ ಓಡಾಡಿದೆ. ಕೊನೆಗೆ ಲ್ಯಾಬಿಗೆ ಹೋಗಿ, ನಿಂತುಕೊಂಡೇ ಸಹಿ ಹಾಕಿದೆ. ಕೂತರೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂದು ಭಯ.

ಮೌಖಿಕ ಪರೀಕ್ಷೆಯ ದಿನ ಕಲ್ಲಿನ ಮಾದರಿಗಳನ್ನು ಎತ್ತಿಕೊಡುವ ಕೆಲಸ ನನ್ನದು. ಮಾತಾಡುವಂತಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಸುಮಿತ್ರಾ ತಂದಿದ್ದ ಕಲ್ಲಿನ ಹಳದಿ ಬಿರುಕನ್ನು ನೋಡಿ, "ಲಿಮೊನೈಟ್ ಖನಿಜ, ಅಲ್ಲವೇ?" ಎಂದರು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಲ್ಲ ಸರ್, ಅರಿಶಿನ."

ಪರೀಕ್ಷಕರ ಹುಬ್ಬು ಗಂಟಿಕ್ಕಿತು. ಭೂವಿಜ್ಞಾನಿಗಳಿಗೆ ಕಲ್ಲು ನೆಕ್ಕುವ ಚಟ ಇದ್ದೇ ಇದೆ. ಅವರೂ ನಾಲಗೆಗೆ ತಾಗಿಸಿ ನೋಡಿ ಮುಖ ಸಿಂಡರಿಸಿದರು, ಮರುಗಳಿಗೆ ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದ ದಾರಿಯ ಕಥೆ, ದಾರಿ ಬಿಟ್ಟ ಕಥೆ, ಎಲ್ಲವನ್ನೂ ಕೇಳಿ ತಿಳಿದುಕೊಂಡರು.

ಸುಮಿತ್ರಾ ಪಾಸಾದಳು. ಜೂನ್‌ನಲ್ಲಿ ನನ್ನ ಹೆಸರು ಯಾರೂ ಹೇಳಲಿಲ್ಲ.

ನಾನು ಟ್ರಂಕು ಕಟ್ಟುತ್ತಿದ್ದಾಗ ತುಂಗವ್ವ ಮೊಮ್ಮಗಳ ಜೊತೆ ಪೇಡೆ ತಂದರು. ಸುಮಿತ್ರಾಳಿಗೆ ನನ್ನ ನೌಕರಿ ಹೋದ ವಿಷಯ ಗೊತ್ತಿರಲಿಲ್ಲ. ಮುದುಕಿ ಟ್ರಂಕನ್ನು ನೋಡಿದರು, ನನ್ನನ್ನು ನೋಡಿದರು. "ಮಾಸ್ತರ, ನಿಮ್ಮ ಸಹಿ ಭಾಳ ತುಟ್ಟಿ ಆತಲ್ರಿ," ಎಂದರು. ಹುಡುಗಿ ಅಳುವುದಕ್ಕೆ ಶುರುಮಾಡಿದಳು. ನನಗೂ ಅಳು ಬಂತು, ಆದರೆ ಪೇಡೆ ಬಾಯಲ್ಲಿತ್ತು.

ಆಮೇಲೆ ನಾನು ಅಣೆಕಟ್ಟುಗಳ ತಳಪಾಯದ ಕಲ್ಲು ಪರೀಕ್ಷಿಸುವ ಕೆಲಸಕ್ಕೆ ಸೇರಿ, ನಿವೃತ್ತಿಯವರೆಗೂ ಊರೂರು ತಿರುಗಿದೆ. ಹೋಗಿ ನೋಡದೆ ಸಹಿ ಹಾಕಿ ಎಂದವರು ಬಹಳ ಮಂದಿ ಸಿಕ್ಕರು. ಅವರಿಗೆ ಇಲ್ಲ ಎನ್ನುವುದು ನನಗೆ ಎಂದೂ ಕಷ್ಟವಾಗಲಿಲ್ಲ. ನೋಡದ ಕಲ್ಲಿಗೆ ಸಹಿ ಹಾಕಬಾರದು ಎಂಬುದನ್ನು ಯಾವ ಪುಸ್ತಕವಾದರೂ ಕಲಿಸುತ್ತದೆ. ಕಣ್ಣಾರೆ ನೋಡಿದ ಮೇಲೆ ಸಹಿ ಹಾಕದೆ ಜಾರಿಕೊಳ್ಳಬಾರದು ಎಂಬುದನ್ನು ಕಲಿಯಲು ಮಾತ್ರ ನಾನು ಒಂದು ನೌಕರಿ ಕಳೆದುಕೊಳ್ಳಬೇಕಾಯಿತು.