ಹೀಟ್‌ಸಿಂಕಿಗೆ ಹಚ್ಚಿದ ಬೆಣ್ಣೆ

ಮದುವೆಯಾದಾಗ ಬಿಟ್ಟ ಎಂ.ಎ.ಯನ್ನು ನನ್ನ ಹೆಂಡತಿ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೈಗೆತ್ತಿಕೊಂಡಳು. ಕೊನೆಗೆ ಉಳಿದದ್ದು ಮೌಖಿಕ ಪರೀಕ್ಷೆಯೊಂದೇ. ಅದೂ ಮನೆಯಿಂದಲೇ, ಲ್ಯಾಪ್‌ಟಾಪಿನ ಎದುರು ಕೂತು. ಆ ಲ್ಯಾಪ್‌ಟಾಪೋ, ಸ್ವಲ್ಪ ಹೊತ್ತಿಗೆಲ್ಲ ಕಾದ ಹಂಚಾಗಿ ತಾನಾಗಿಯೇ ಆರಿಹೋಗುತ್ತಿತ್ತು.

ಆರದೆ ಏನು ಮಾಡೀತು? ರೋಣದ ನಮ್ಮ ಮನೆಯಲ್ಲಿ ಅವಳು ಅದನ್ನು ಸದಾ ಕೌದಿಯ ಮೇಲಿಟ್ಟುಕೊಂಡೇ ಓದಿದವಳು. ಹಳೆ ಸೀರೆಗಳ ಆ ಹೊದಿಕೆಯ ನೂಲೆಲ್ಲ ಒಳಗೆ ಸೇರಿ ಫ್ಯಾನೇ ಕೆಟ್ಟಿತ್ತು. ಫ್ಯಾನು, ಶಾಖ ಹೊರಹಾಕುವ ಹೀಟ್‌ಸಿಂಕು ಎರಡೂ ಕೂಡಿಯೇ ಬರುವ ಮಾದರಿ. ಗಜೇಂದ್ರಗಡದ ಅಂಗಡಿಯವರು ಹೊಸದನ್ನು ತರಿಸಿಕೊಟ್ಟರು, ಕೂಡಿಸಿಕೊಡಲು ಮಾತ್ರ ಪುರುಸೊತ್ತಿಲ್ಲವೆಂದರು. ನನಗೆ ಸಿಟ್ಟು ಬಂತು. "ನಾನ ಹಾಕ್ಕೋತೀನಿ ಬಿಡ್ರಿ" ಎಂದು ಹೇಳಿ ಬಂದೆ. ಹೇಳುವುದೇನು, ಸುಲಭ.

ಪರೀಕ್ಷೆಯ ದಿನ ಬೆಳಿಗ್ಗೆ ಚಾರ್ಜರ್ ಕಿತ್ತು, ಪೂರ್ತಿ ಆರಿಸಿ, ತಣ್ಣಗಾಗಲು ಬಿಟ್ಟೆ. ತಳ ಬಿಚ್ಚಿ ಮೊದಲು ಬ್ಯಾಟರಿಯ ವಯರು, ಆಮೇಲೆ ಫ್ಯಾನಿನ ವಯರು ಬಿಡಿಸಿದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಆದರೂ ಹೀಟ್‌ಸಿಂಕು ಮಿಸುಕಲಿಲ್ಲ. ನನ್ನದು ಮೊದಲೇ ಅವಸರದ ಕೈ.

"ಜಗ್ಗಬ್ಯಾಡ್ರಿ! ಹಗೂರ್ಕ" ಎಂದಳು ಹೆಂಡತಿ.

ಅತ್ತಿತ್ತ ಮೆಲ್ಲಗೆ ತಿರುವಿದಾಗ ಬಂತು. ಅದಕ್ಕೂ ಕೆಳಗಿನ ಪ್ರೊಸೆಸರ್ ಚಿಪ್ಪಿಗೂ ನಡುವೆ ಶಾಖ ದಾಟಿಸಲು ಹಚ್ಚಿ, ಈಗ ಒಣಗಿದ್ದ ಹಳೆ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿದೆ.

ಇನ್ನು ಅಂಗಡಿಯವರು ಕೊಟ್ಟಿದ್ದ ಹೊಸ ಪೇಸ್ಟು. ನಮ್ಮಲ್ಲಿ ರೊಟ್ಟಿಗೆ ಬೆಣ್ಣೆ ಹಚ್ಚುವಾಗ ಕೈ ಹಿಡಿದರೆ ಉಣ್ಣುವವರಿಗೆ ಅವಮಾನ, ಅಂಚಿನವರೆಗೂ ಬಳಿಯಬೇಕು. ನನ್ನ ಬೆರಳಿಗೆ ಅದೇ ರೂಢಿ. ಚಿಪ್ಪಿನ ಮೇಲೆ ಧಾರಾಳವಾಗಿ ಬಳಿದು ಹೊಸ ಹೀಟ್‌ಸಿಂಕು ಒತ್ತಿದೆ. ಪೇಸ್ಟು ಸುತ್ತಲೂ ಉಕ್ಕಿ ಬಂತು.

"ಅಯ್ಯ, ಏನ್ರೀ ಇದು! ಬೀಗರಿಗೆ ರೊಟ್ಟಿ ಬಡಸಾಕ ಹತ್ತೀರೇನು? ಜ್ವಾಳದ ಕಾಳಿನಷ್ಟ ಸಾಕು ಅಂತ ಅಂಗಡ್ಯಾವ್ರು ಹೇಳಿದ್ದಿಲ್ಲೇನು?"

ಹೇಳಿದ್ದರು. ಮತ್ತೆ ಎಬ್ಬಿಸಿ, ಒರೆಸಿ, ಕಾಳಿನಷ್ಟೇ ಇಟ್ಟು, ನೆಟ್ಟಗೆ ಕೂಡಿಸಿ ಬಿಗಿದೆ. ಫ್ಯಾನಿನ ವಯರು, ಕೊನೆಗೆ ಬ್ಯಾಟರಿ. ತಳ ಮುಚ್ಚಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಫ್ಯಾನು ಮೆಲ್ಲಗೆ ಗಾಳಿ ಬಿಟ್ಟಿತು. ಅಬ್ಬಾ, ಅಂತ ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಮಧ್ಯಾಹ್ನ ಅವಳು ಕೌದಿ ಬಿಟ್ಟು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಪ್ರಶ್ನೆಯ ಮೇಲೆ ಪ್ರಶ್ನೆ ಬಂದವು, ಅವಳ ಉತ್ತರವೂ ನಿಲ್ಲಲಿಲ್ಲ, ಪರದೆಯೂ ಆರಲಿಲ್ಲ. "ಬಹಳ ಚೆನ್ನಾಗಿ ಹೇಳಿದಿರಿ ಅಮ್ಮಾ, ಮುಗಿಯಿತು" ಎಂಬ ದನಿ ಆ ಕಡೆಯಿಂದ ಕೇಳಿದಾಗ ನನ್ನ ಕಣ್ಣು ತುಂಬಿಬಂತು.

ತಡವಾದ ಊಟಕ್ಕೆ ನಾನೇ ಬಡಿಸಿದೆ. ಬೇಕೆಂದೇ ಅವಳ ರೊಟ್ಟಿಯ ಮೇಲೆ ಜೋಳದ ಕಾಳಿನಷ್ಟು ಬೆಣ್ಣೆ ಇಟ್ಟೆ.

"ಎಂ.ಎ. ಮುಗಿಸೀನ್ರಿ ನಾ. ಇಲ್ಲೆ ಕೈ ಹಿಡೀಬ್ಯಾಡ್ರಿ" ಎಂದು ಬೆಣ್ಣೆಯ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡಳು.