ರೂಟ್ ಆಗಿ ಕೂತ ನಮ್ಮಕ್ಕ

ನಮ್ಮಕ್ಕನನ್ನು ಓಣಿಯವರೆಲ್ಲ ‘ಸರ್ಕಾರ’ ಅಂತಲೇ ಕರೆಯುವುದು. ಕಂಪ್ಯೂಟರ್ ಕಸೂತಿ ಅವಳ ಕಸುಬು. ಪರದೆಯ ಮೇಲೆ ಅವಳು ಚಿತ್ರ ಬರೆದರೆ ಪಕ್ಕದ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಹಾಕಿಕೊಟ್ಟವಳು ನಾನು. ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಅವಳಿಗೊಂದು ಸಾಧಾರಣ ಖಾತೆಯನ್ನೂ ಮಾಡಿಕೊಟ್ಟಿದ್ದೆ. ಆದರೆ ಅದು ಮಾತೆತ್ತಿದರೆ ಪಾಸ್‌ವರ್ಡ್ ಕೇಳುತ್ತದಂತೆ!

“ನನ್ನ ಅಂಗಡೀಲಿ ನಾನೇ ಅಪ್ಪಣೆ ಕೇಳ್ಬೇಕಾ?” ಎಂದು ರೇಗಿ, ರೂಟ್ ಹೆಸರಿನಲ್ಲೇ ಒಳಹೋಗಿ ಡೆಸ್ಕ್‌ಟಾಪ್ ತೆರೆದು ಕೂರುತ್ತಿದ್ದಳು. ರೂಟ್ ಅಂದರೆ ಯಂತ್ರದ ಸರ್ವಾಧಿಕಾರಿ. ಏನನ್ನು ಕಿತ್ತೆಸೆದರೂ ಅದು ತುಟಿಪಿಟಕ್ಕೆನ್ನುವುದಿಲ್ಲ. ನಾನು ಬಡಕೊಂಡಿದ್ದೇ ಬಂತು, ಅವಳು ಕೇಳಿದರೆ ತಾನೆ!

ಅಕ್ಕನ ಮಗಳು ಫುಟ್‌ಬಾಲ್ ತಂಡದ ಗೋಲ್ ಕೀಪರ್. ತಂಡಕ್ಕೆ ಅದು ಮೊದಲ ಫೈನಲ್. ಎಲ್ಲರ ಅಂಗಿಗೂ ಹದ್ದಿನ ಲಾಂಛನ ಹೊಲಿದುಕೊಡುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ಪಂದ್ಯ ಸಂಜೆಗೆ. ಬೆಳಿಗ್ಗೆಯೇ ಫೋನು: “ಲೇ, ಬೇಗ ಬಾರೆ! ಏನೂ ತೆರೀತಿಲ್ಲ. ನನ್ನ ಮಗಳಿಗೆ ಏನಂತ ಮುಖ ತೋರಿಸ್ಲಿ?”

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಪರದೆ ಕಪ್ಪಾಗಿತ್ತು, ಹೊಲಿಯಬೇಕಾದ ಅಂಗಿಗಳು ಮೇಜಿನ ಮೇಲೆ ರಾಶಿಬಿದ್ದಿದ್ದವು.

“ಏನ್ ಮಾಡ್ದೆ ಅಕ್ಕಾ?”

“ಜಾಗ ಸಾಲ್ತಿರ್ಲಿಲ್ಲ. ಯು-ಎಸ್-ಆರ್ ಅಂತ ಒಂದು ದೊಡ್ಡ ಫೋಲ್ಡರ್ ಇತ್ತು. ನಾನಂತೂ ಮಾಡಿದ್ದಲ್ಲ. ಎಳೆದು ಕಸದ ಬುಟ್ಟಿಗೆ ಹಾಕ್ದೆ.”

ಅಯ್ಯೋ, ಪ್ರೋಗ್ರಾಮುಗಳೆಲ್ಲ ಇರುವುದೇ ಅದರಲ್ಲಿ! ಸಾಧಾರಣ ಖಾತೆಯಾಗಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ.

“ಬುಟ್ಟಿ ಖಾಲಿ ಮಾಡಿದ್ಯಾ?”

ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. “ಅಂಗಡಿ ಮುಚ್ಚೋಕೆ ಮುಂಚೆ ನಾನು ಯಾವತ್ತಾದ್ರೂ ಬುಟ್ಟಿ ಖಾಲಿ ಮಾಡಿದೀನೇನೆ? ಸೂಜಿ ಇದ್ರೆ?”

ಅಯಸ್ಕಾಂತ ಆಡಿಸಿ, ದಾರದ ಚೂರುಗಳ ನಡುವೆ ಸೂಜಿ ಬಿದ್ದಿದೆಯಾ ಎಂದು ನೋಡದೆ ಅವಳು ಕಸ ಚೆಲ್ಲಿದವಳೇ ಅಲ್ಲ. ಆ ಅಭ್ಯಾಸ ಪರದೆಯ ಮೇಲಿನ ಬುಟ್ಟಿಗೂ ಅಂಟಿಕೊಂಡಿತ್ತು! ಖುಷಿಗೆ ಅವಳನ್ನು ಅಪ್ಪಿಕೊಂಡುಬಿಟ್ಟೆ.

ಪೆನ್‌ಡ್ರೈವಿನಿಂದ ಇನ್ನೊಂದು ಲಿನಕ್ಸ್ ಚಾಲೂ ಮಾಡಿ, ಬುಟ್ಟಿಯಲ್ಲಿದ್ದ ಫೋಲ್ಡರನ್ನು ಅದರ ಜಾಗಕ್ಕೇ ಮರಳಿಸಿದೆ. ಕಂಪ್ಯೂಟರನ್ನು ಮತ್ತೆ ಹಾಕಿದರೆ, ಅಬ್ಬಾ, ಡೆಸ್ಕ್‌ಟಾಪ್ ಬಂತು! ಹದ್ದೂ ಬಂತು! ಆ ಚಿತ್ರವನ್ನು ಅವಳ ಸಾಧಾರಣ ಖಾತೆಗೆ ವರ್ಗಾಯಿಸಿ, “ಇನ್ನು ಇಲ್ಲೇ ಕೂತ್ಕೋ, ಸರ್ಕಾರ” ಎಂದೆ. ಅಕ್ಕ ಮೊದಲ ಅಂಗಿಯನ್ನು ಯಂತ್ರಕ್ಕೆ ಸಿಕ್ಕಿಸಿದಳು. ಯಂತ್ರ ಟಕಟಕ ಶುರುವಾಯಿತು. ಕೊನೆಯ ಅಂಗಿ ಮುಗಿದಾಗ ಹುಡುಗಿಯರು ಬಾಗಿಲಲ್ಲೇ ನಿಂತಿದ್ದರು.

ಸಂಜೆ ಕೊನೆಯ ಪೆನಾಲ್ಟಿಯನ್ನು ಅಕ್ಕನ ಮಗಳು ಹಾರಿ ತಡೆದಳು. ಎದ್ದವಳೇ ಎದೆಯ ಮೇಲಿನ ಹದ್ದನ್ನು ತಟ್ಟಿ ಅಮ್ಮನತ್ತ ಕೈ ಬೀಸಿದಳು. ಅಕ್ಕ ಕಿರುಚಿದ ಅಬ್ಬರಕ್ಕೆ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಮರುದಿನ ಹೋದಾಗ ಪರದೆ ಪಾಸ್‌ವರ್ಡ್ ಕೇಳುತ್ತಿತ್ತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದಳು.

“ಕೇಳಪ್ಪಾ, ಕೇಳು,” ಎಂದಳು ಅದಕ್ಕೆ. “ಇನ್ನು ನೀನೇ ನನ್ನ ಅಪ್ಪಣೆ ಕೇಳ್ಬೇಕು.”